ಇಎಂಪಿ ಆದರೆ ಮುಂಬೈಯಲ್ಲಿ ಮನೆ ನಡೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಡೊಂಬಿವಲಿ: ನಮ್ಮದು ಏಳನೇ ಮಹಡಿ. ಅತ್ತೆ ದಿನಾ ಇನ್ಸುಲಿನ್ ತಗೊಳ್ಳುತ್ತಾರೆ. ಆಕಾಶದಲ್ಲಿ ಅಣುಬಾಂಬ್ ಸಿಡಿದರೆ ಹೊರಡುವ ವಿದ್ಯುತ್ಕಾಂತೀಯ ಹೊಡೆತಕ್ಕೆ, ಅದೇ ಇಎಂಪಿಗೆ, ಫೋನು, ಕಾರು ಎಲ್ಲಾ ಸುಟ್ಟುಹೋಗುತ್ತದೆ ಅಂತ ಮಗ ವಿಡಿಯೋ ನೋಡಿ ಹೆದರಿದ್ದಾನೆ. ನಿಜಾನಾ? ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು?

ಠಾಣೆಯಿಂದ, ಸಬ್‌ಸ್ಟೇಷನ್ ಕೆಲಸ ಮಾಡಿದವನು: ಅಕ್ಕಾ, ಮೊದಲು ಮಗನಿಗೆ ಧೈರ್ಯ ಹೇಳಿ. ಕೈಯಲ್ಲಿರುವ ಫೋನಿಗಿಂತ ಉದ್ದನೆಯ ತಂತಿಗೆ ಅಪಾಯ ಜಾಸ್ತಿ. ಹೊಡೆತದ ಮೊದಲ ಭಾಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆಗ ತಂತಿಗಳೇ ಆಂಟೆನಾ ಆಗುತ್ತವೆ, ಅವಕ್ಕೆ ಜೋಡಿಸಿದ ಎಲೆಕ್ಟ್ರಾನಿಕ್ ಸಾಮಾನು ಕೆಡಬಹುದು. ಇನ್ನೊಂದು ಭಾಗ ನಿಧಾನದ್ದು. ನೂರಾರು ಕಿಲೋಮೀಟರ್ ಲೈನಿನಲ್ಲಿ ಡಿಸಿ ಥರದ, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟ್ ಹರಿದು ಟ್ರಾನ್ಸ್‌ಫಾರ್ಮರ್ ಒಳಗಿಂದ ಬಿಸಿಯಾಗುತ್ತದೆ. ಮಾಮೂಲಿ ಗುಂಯ್ ಸದ್ದು ಗಡಸಾಗಿ ಏರುತ್ತದೆ.

ಸೂರ್ಯನಿಂದ ಸಿಡಿದು ಬರುವ ಕಣಗಳ ಬಿರುಗಾಳಿ ಕೂಡ ಈ ಎರಡನೇ ಕೆಲಸವನ್ನೇ ಮಾಡುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನಕ್ಕೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಬಾಂಬಿನ ಉದಾಹರಣೆ 1962ರದ್ದು. ಪೆಸಿಫಿಕ್ ಸಾಗರದ ಮೇಲೆ 400 ಕಿ.ಮೀ. ಎತ್ತರದಲ್ಲಿ ಅಮೆರಿಕ ಸಿಡಿಸಿದ ಬಾಂಬಿಗೆ ಸುಮಾರು 1,400 ಕಿ.ಮೀ. ದೂರದ ಹವಾಯಿಯಲ್ಲಿ ಸುಮಾರು 300 ಬೀದಿದೀಪ ಆರಿದವು. ಕಾರಿನ ಮಾತು ಹೇಳುವುದಾದರೆ, ಅಮೆರಿಕದ ಇಎಂಪಿ ಆಯೋಗ 37 ಕಾರುಗಳನ್ನು ಪರೀಕ್ಷೆ ಮಾಡಿತ್ತು. ಓಡುತ್ತಿದ್ದಾಗ ಎಂಜಿನ್ ನಿಂತುಹೋದದ್ದು ಮೂರರದ್ದು ಮಾತ್ರ, ಅವೂ ಮತ್ತೆ ಸ್ಟಾರ್ಟ್ ಆದವು.

ನನಗೆ ನಿಜಕ್ಕೂ ಚಿಂತೆ ಇರುವುದು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳದ್ದು. ಅಂಗಡಿಯಲ್ಲಿ ಸಿಗುವ ಮಾಲಲ್ಲ ಅವು. ಆರ್ಡರ್ ಕೊಟ್ಟು ಮಾಡಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಕರೆಂಟ್ ಬಹಳ ದಿನ ಇಲ್ಲದಿದ್ದರೆ ಏನು ಮಾಡುವುದು ಅಂತ ಯೋಚಿಸಿ.

ಮುಲುಂಡ್‌ನಿಂದ, ನರ್ಸ್: 2020ರ ಅಕ್ಟೋಬರ್ 12 ನೆನಪಿದೆ ಅಲ್ವಾ? ಬೆಳಿಗ್ಗೆ ಹತ್ತರ ಹೊತ್ತಿಗೆ ಗ್ರಿಡ್ ಕೈಕೊಟ್ಟಿತು. ಕೊರೊನಾ ಕಾಲ, ಲೋಕಲ್ ರೈಲು ನಮ್ಮಂಥ ಅಗತ್ಯ ಸೇವೆಯವರಿಗೆ ಮಾತ್ರ ಇತ್ತು. ಅದೂ ನಡುದಾರಿಯಲ್ಲಿ ನಿಂತಿತು. ಹಳಿ ಮೇಲೆ ಇಳಿದು, ಜಲ್ಲಿಕಲ್ಲಿನಲ್ಲಿ ಚಪ್ಪಲಿ ಜಾರುತ್ತಾ ನಡೆದೆವು.

ಮನೆಯಲ್ಲಿ ಮೊದಲು ಕೈಕೊಟ್ಟಿದ್ದು ನೀರು. ಕರೆಂಟ್ ಹೋದದ್ದೇ ಎಲ್ಲರೂ ಬಕೆಟ್ ತುಂಬಿಸತೊಡಗಿದರು, ಮೇಲಿನ ಟ್ಯಾಂಕ್ ಖಾಲಿ. ಕೆಳಗಿನ ಟ್ಯಾಂಕಿನಲ್ಲಿ ನೀರಿದೆ, ಪಂಪ್ ಇಲ್ಲ. ಆಮೇಲೆ ನೆಟ್‌ವರ್ಕ್ ಹೋಯಿತು. ಅದರ ಜೊತೆ ಯುಪಿಐ ಕೂಡ. ಹಾಲಿನವರು ಚಿಲ್ಲರೆ ನೋಟು ಕೇಳಿದರು. ಒಂದೇ ದಿನದ ಪಾಡು ಅದು.

ಅತ್ತೆಯವರ ವಿಷಯ: ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಗಿಂತ ಕೆಳಗಿದ್ದರೆ ನಾಲ್ಕು ವಾರದವರೆಗೆ ನಡೆಯುತ್ತದೆ. ನಿಮ್ಮ ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ, ಡಾಕ್ಟರನ್ನೂ ಕೇಳಿ. ಫ್ರಿಜ್ ನಿಂತರೆ ತಂಪಿಗೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹಾಕುತ್ತಿರಿ. ಇನ್ಸುಲಿನ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡಿ, ಒದ್ದೆಯಾಗಬಾರದು. ಮಳೆಗಾಲದ ತೇವದ ಗಾಳಿಗೆ ಮಡಕೆ ಅಷ್ಟು ತಂಪಾಗುವುದಿಲ್ಲ, ಅದು ಗೊತ್ತಿರಲಿ. ಒಂದು ತಿಂಗಳ ಔಷಧಿ ಹೆಚ್ಚಿಗೆ ಇರಲಿ.

ಮಾಟುಂಗಾದಿಂದ, ನಿವೃತ್ತ ಮೇಷ್ಟ್ರು: ಮಗನಿಗೆ ಒಂದು ಸಂಗತಿ ಹೇಳಿ, ಖುಷಿಪಡುತ್ತಾನೆ. 1859ರಲ್ಲಿ ಟೆಲಿಗ್ರಾಫ್ ತಂತಿಗಳನ್ನೇ ಕೆಡಿಸಿದ ಸೂರ್ಯನ ಮಹಾ ಬಿರುಗಾಳಿ ನಮ್ಮ ಕೊಲಾಬಾ ವೀಕ್ಷಣಾಲಯದಲ್ಲಿ ದಾಖಲಾಗಿದೆ. ಆಮೇಲೆ ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆ, ಭೂಮಿಯ ಕಾಂತಶಕ್ತಿಯ ಅಳತೆ ಕೆಡುತ್ತದೆ ಅಂತ ಆ ಅಳೆಯುವ ಕೆಲಸವನ್ನು 1904ರಲ್ಲಿ ಅಲಿಬಾಗ್‌ಗೆ ಒಯ್ದರು. ಒಂದು ರವಿವಾರ ಭಾವುಚಾ ಧಕ್ಕಾದಿಂದ ದೋಣಿ ಹತ್ತಿ ಆ ಕಡೆ ಸುತ್ತಾಡಿಸಿ.

ಮತ್ತೆ ಠಾಣೆಯಿಂದ: ನೀರಿನ ಮಾತು ನೂರಕ್ಕೆ ನೂರು ಸರಿ. ಜನರೇಟರ್ ಲೈನ್ ಪಂಪಿಗೂ ಇದೆಯಾ ಅಂತ ಸೊಸೈಟಿ ಸೆಕ್ರೆಟರಿಯನ್ನು ಈ ವಾರವೇ ಕೇಳಿ. ಲಿಫ್ಟಿಗೆ ಕೊಟ್ಟು ಪಂಪಿಗೆ ಕೊಡದ ಕಟ್ಟಡಗಳನ್ನು ನೋಡಿದ್ದೇನೆ. ಸೆಲ್ ಹಾಕುವ ರೇಡಿಯೋ ಒಂದು ತಗೊಳ್ಳಿ, ಬಳಸದಿದ್ದಾಗ ಸೆಲ್ ತೆಗೆದಿಡಿ.