ಟ್ರೇಲರ್ ಹಬ್ ಕಾಯಾಕತ್ತೈತಿ, ಯಾವ ಗ್ರೀಸ್ ಹಾಕಬೇಕು?

ಜಮಖಂಡಿ_ಡಬಲ್‌ಟ್ರೇಲರ್:
ಕಬ್ಬಿನ ಸೀಜನ್ ನಡಬರಕ ಇದೊಂದು ತಲಿಬ್ಯಾನಿ. ಹಿಂದಿನ ಟ್ರೇಲರಿನ ಹಬ್ (ಗಾಲಿ ನಡುವಿನ ಬೇರಿಂಗ್ ಇರೋ ಭಾಗ) ಕೈ ಇಡಾಕ ಆಗದಷ್ಟು ಕಾಯ್ತೈತಿ, ಗ್ರೀಸ್ ಕರಗಿ ರಿಮ್ಮಿನ ಒಳಗಡಿಯಿಂದ ಟೈರಿನ ಮ್ಯಾಲೆ ಇಳೀತೈತಿ. ಬೇರಿಂಗ್ ಹೊಸಾವು, ಗ್ರೀಸೂ ಹೊಸಾದು. ಕರಗಲಾರದ ಗ್ರೀಸ್ ಯಾವುದು, ಅಷ್ಟ ಹೇಳ್ರಿ. ಫ್ಯಾಕ್ಟರಿ ಮುಂದ ಪಾಳಿ ಹಚ್ಚೇವಿ, ಟೈಮ್ ಇಲ್ಲ.

ಗ್ರೀಸ್‌ಗನ್_ಮದ್ದೂರು:
ಯಾವ ಗ್ರೀಸ್ ಹಾಕಿದ್ದೀರಿ ಅನ್ನೋದನ್ನೇ ಬರ್ದಿಲ್ವಲ್ಲ ಸಾರ್. ಎಣ್ಣೆ ಥರ ಇಳೀತಿದೆ ಅಂದ್ರೆ ಅದು ಕ್ಯಾಲ್ಸಿಯಂ ಸೋಪಿನ (ಸೋಪು ಅಂದ್ರೆ ಎಣ್ಣೆನ ಗಟ್ಟಿ ಮಾಡೋ ವಸ್ತು) ಚಾಸಿಸ್ ಗ್ರೀಸೇ. 100 ಡಿಗ್ರಿ ಹತ್ರಕ್ಕೆಲ್ಲ ತೊಟ್ಟಿಕ್ಕುತ್ತೆ. ಲಿಥಿಯಂ ಆದ್ರೆ ಸುಮಾರು 180, ಲಿಥಿಯಂ ಕಾಂಪ್ಲೆಕ್ಸ್ ಆದ್ರೆ 260 ದಾಟುತ್ತೆ. ಕಾಂಪ್ಲೆಕ್ಸ್ ಹಾಕಿ, ಮುಗೀತು.

ಜಮಖಂಡಿ_ಡಬಲ್‌ಟ್ರೇಲರ್:
ಎಪಿ3 ರೀ. ಡಬ್ಬಿ ಮ್ಯಾಲೆ ಲಿಥಿಯಂ ಅಂತನ ಐತಿ.

ಗ್ರೀಸ್‌ಗನ್_ಮದ್ದೂರು:
ಹಂಗಾದ್ರೆ ಹಳೇ ಗ್ರೀಸ್ ಜೊತೆ ಬೆರೆತಿದೆ. ಹಳೇದು ಯಾವ ಕಲರ್ ಇತ್ತು?

ಸ್ಪಿಂಡಲ್_ಶಿವಮೊಗ್ಗ:
ಬಣ್ಣ ಕೇಳಿ ಏನೂ ಗೊತ್ತಾಗಲ್ಲ, ಅದು ಬರೀ ಡೈ. ನೀಲಿ ಲಿಥಿಯಂ ಕಾಂಪ್ಲೆಕ್ಸೂ ಸಿಗುತ್ತೆ, ನೀಲಿ ಪಾಲಿಯೂರಿಯಾವೂ (ಸೋಪಿಲ್ಲದ ಇನ್ನೊಂದು ಬಗೆಯ ಗ್ರೀಸ್) ಸಿಗುತ್ತೆ. ಆ ಎರಡು ಬೆರೆತರೆ ಸಾಮಾನ್ಯವಾಗಿ ಮೆತ್ತಗಾಗಿ ಹರಿಯುತ್ತೆ ಅನ್ನೋದು ನಿಜ. ಆದರೆ ಅದಕ್ಕೂ ಮೊದಲು ಇವರು ಹೇಳಬೇಕಾದ್ದು ಬೇರೆ ಇದೆ. ಎರಡೂ ಗಾಲಿ ಕಾಯುತ್ತಾ, ಒಂದೇನಾ? ನಟ್ ಎಷ್ಟು ಬಿಗಿದಿದ್ದಾರೆ? ಗ್ರೀಸ್ ತುಂಬಿದ್ದು ಹೇಗೆ? ಸೀಲ್ ಬದಲಾಯಿಸಿದ್ದಾರಾ?

ಜಮಖಂಡಿ_ಡಬಲ್‌ಟ್ರೇಲರ್:
ಎಡಗಡಿದಷ್ಟ. ನಟ್ ಪಾನಾಕ್ಕ ಪೈಪ್ ಹಾಕಿ ಬಿಗದಾರ, ಲೋಡಿಗೆ ಸಡ್ಲ ಆಗಬಾರದಲ್ರಿ. ಗ್ರೀಸ್ ಹಬ್ಬಿನ ಮುಚ್ಚಳ, ಅಂದ್ರ ಕ್ಯಾಪಿನ ನಿಪ್ಪಲ್‌ದಾಗಿಂದ ಹೊಡದು ತುಂಬ್ಯಾರ. ಸೀಲ್ ಹಳೇದ ಐತಿ. ಬೇರಿಂಗ್ ನಂಬರ್ ಒಳಗ 32211, ಹೊರಗ 30209.

ಗ್ರೀಸ್‌ಗನ್_ಮದ್ದೂರು:
ಅತಿಯಾಗಿ ತುಂಬಿ ಕಲಕಿ ಕಾಯ್ತಿದೆ. ಜೊತೆಗೆ ಎಪಿ3 ಅಂದ್ರೆ 3ನೇ ನಂಬರ್, ಅದು ಗಟ್ಟಿ. ಅದಕ್ಕಿಂತ ಮೆತ್ತಗಿರೋ 2ನೇ ನಂಬರ್, ಅಂದ್ರೆ ಇಪಿ2 ಕಾಂಪ್ಲೆಕ್ಸ್ ಹಾಕಿ.

ಸ್ಪಿಂಡಲ್_ಶಿವಮೊಗ್ಗ:
ಟ್ರ್ಯಾಕ್ಟರ್ ಓಡುವ ವೇಗಕ್ಕೆ ಗ್ರೀಸ್ ಕಲಕಿ ಕೈ ಸುಡುವಷ್ಟು ಕಾಯಲ್ಲ. ಕಾಯಿಸುತ್ತಿರೋದು ಆ ಪೈಪು. ಟೇಪರ್ ರೋಲರನ್ನ ಕಪ್ಪಿಗೆ (ಬೇರಿಂಗಿನ ಹೊರ ಬಳೆ) ಒತ್ತಿ ಹಿಡಿದರೆ ರೋಲರಿನ ದಪ್ಪ ತುದಿ ಕೋನಿನ (ಒಳ ಬಳೆ) ಅಂಚಿಗೆ ಉಜ್ಜುತ್ತೆ, ಅಲ್ಲಿ ಎಣ್ಣೆಯ ಪದರವೇ ನಿಲ್ಲಲ್ಲ. ಹೀಗಿರುವಾಗ 260 ಡಿಗ್ರಿಯ ಗ್ರೀಸ್ ಹಾಕಿದರೂ ಬೇರಿಂಗ್ ಹೋಗುತ್ತೆ, ಗ್ರೀಸ್ ಮಾತ್ರ ಚೆನ್ನಾಗಿರುತ್ತೆ.

ಕ್ಯಾಪಿನ ನಿಪ್ಪಲ್‌ದು ಇನ್ನೊಂದು ತೊಂದರೆ. ಗ್ರೀಸ್ ಮೊದಲು ಹೊರ ಬೇರಿಂಗಿಗೆ ಹೋಗುತ್ತೆ, ಹಬ್ಬಿನ ಹೊಟ್ಟೆ ಪೂರ್ತಿ ತುಂಬುವ ತನಕ ಒಳ ಬೇರಿಂಗ್ ಒಣಗಿಯೇ ಇರುತ್ತೆ. ತುಂಬಿದ ಮೇಲೂ ಹೊಡೆದರೆ ಒತ್ತಡಕ್ಕೆ ಹಿಂದಿನ ಸೀಲ್ ಏಳುತ್ತೆ. ರಿಮ್ಮಿನ ಒಳಗಡೆಯಿಂದ ಇಳಿಯುತ್ತಿರೋದು ಅದಕ್ಕೇ.

ಲೋಡ್ ಇಳಿಸಿ, ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಹಬ್ ಪೂರ್ತಿ ಬಿಚ್ಚಿ. ಹಳೇ ಗ್ರೀಸ್ ಒಂದು ಚೂರೂ ಉಳಿಯದ ಹಾಗೆ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಒಣಗಿಸಿ. ಗಾಳಿ ಹೊಡೆಯುವಾಗ ಬೇರಿಂಗನ್ನ ತಿರುಗಲು ಬಿಡಬೇಡಿ, ಕೇಜ್ (ರೋಲರ್ ಹಿಡಿದಿಡುವ ಚೌಕಟ್ಟು) ಒಡೆದರೆ ರೋಲರ್ ಮುಖಕ್ಕೆ ಸಿಡಿಯುತ್ತೆ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲದ ಬದಿಯನ್ನ ಅದಕ್ಕೆ ಒತ್ತುತ್ತಾ ಬನ್ನಿ, ಸಣ್ಣ ಬದಿಯಲ್ಲಿ ರೋಲರ್ ಸಂದಿಯಿಂದ ಎಳೆಎಳೆಯಾಗಿ ಹೊರಗೆ ಬರಬೇಕು. ಹಬ್ಬಿನ ಹೊಟ್ಟೆಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು, ಕ್ಯಾಪಿಗೆ ತುಕ್ಕು ಹಿಡಿಯದಂತೆ ಒಂದು ಲೇಪ. ಹೊಸ ಸೀಲಿನ ಸ್ಪ್ರಿಂಗ್ ಇರುವ ತುಟಿ ಗ್ರೀಸ್ ಕಡೆಗೇ ಇರಲಿ.

ನಟ್ಟನ್ನ ಗಾಲಿ ತಿರುಗಿಸುತ್ತಲೇ ಬಿಗಿಯಿರಿ, ಕೈಗೆ ಎಳೆತ ಸಿಕ್ಕ ಕೂಡಲೇ ನಿಲ್ಲಿಸಿ. ಕಾಲು ಸುತ್ತು ಹಿಂದಕ್ಕೆ ಬಿಡಿ. ಆಮೇಲೆ ಬರಿಗೈಯಲ್ಲಿ ಎಷ್ಟು ಬರುತ್ತೋ ಅಷ್ಟೇ. ನಟ್ ತಿರುಗದಂತೆ ಹಾಕುವ ಪಿನ್ನಿನ ತೂತು ಕೂಡದಿದ್ದರೆ ಸಡಿಲದ ಕಡೆಗೆ ತಿರುಗಿಸಿ, ಬಿಗಿಯ ಕಡೆಗಲ್ಲ. ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಸಾಧನ) ಇದ್ದರೆ ಹಬ್ ಒಳಗೆ-ಹೊರಗೆ ಅಲುಗುವ ಆಟ 0.03ರಿಂದ 0.13 ಮಿ.ಮೀ. ಒಳಗೆ ಬರಬೇಕು.

ಇಂಡಿ_ವರ್ಕ್‌ಶಾಪ್:
ಇಷ್ಟೆಲ್ಲಾ ಯಾಕ್ರಿ. ಗ್ರ್ಯಾಫೈಟ್ ಗ್ರೀಸ್ ಹಾಕ್ರಿ, ಕಾಯೂದ ಇಲ್ಲ. ನಮ್ಮಲ್ಲಿ ಗಾಳಿ ಮ್ಯಾಲೆ ನಡಿಯೋ ಬಕೆಟ್ ಪಂಪ್ ಐತಿ, 10 ಮೀಟರ್ ಹೋಸ್. ನಿಪ್ಪಲ್‌ಗೆ ಹಚ್ಚಿದ್ರ ಎರಡ ನಿಮಿಷ.

ಸ್ಪಿಂಡಲ್_ಶಿವಮೊಗ್ಗ:
ಗ್ರ್ಯಾಫೈಟ್ ಸ್ಪ್ರಿಂಗ್ ಪಟ್ಟಿಗಳ ನಡುವೆ ಹಾಕೋದು. ಉಜ್ಜುವ ಜಾಗಕ್ಕೆ ಸರಿ, ಉರುಳುವ ಬೇರಿಂಗಿಗಲ್ಲ. ಆ ಪಂಪ್ ನಿಮಿಷಕ್ಕೆ ಎಷ್ಟು ಸೀಲ್ ಏಳಿಸುತ್ತೆ?

ಗ್ರೀಸ್‌ಗನ್_ಮದ್ದೂರು:
2ನೇ ನಂಬರಿನ ಪೆನೆಟ್ರೇಷನ್ (ಹೆಚ್ಚಿದ್ದಷ್ಟೂ ಗ್ರೀಸ್ ಮೆತ್ತಗೆ) 265–295, 3ರದ್ದು 220–250. ಹಬ್ಬಿಗೆ 2 ಸಾಕು ಅಂತ ನಾನು ಹೇಳಿದ್ದು ತಪ್ಪಾ? ಮೊದಲು ಮುಟ್ಟದೆ ಶಾಖ ಅಳೆಯೋ ಐಆರ್ ಗನ್‌ನಲ್ಲಿ ಟೆಂಪರೇಚರ್ ನೋಡಿ ಹೇಳಿ ಜಮಖಂಡಿ ಅಣ್ಣ, ಕೈ ಲೆಕ್ಕ ಬೇಡ.

ಸ್ಪಿಂಡಲ್_ಶಿವಮೊಗ್ಗ:
2 ಹಾಕಿದರೂ ನಡೆಯುತ್ತೆ, 3 ಹಾಕಿದರೂ ನಡೆಯುತ್ತೆ, ಜಗಳ ಅದರದ್ದಲ್ಲ. ಐಆರ್ ಗನ್ನನ್ನ ಹೊಳೆಯುವ ಕ್ಯಾಪಿಗೆ ಹಿಡಿದರೆ ಕಡಿಮೆ ತೋರಿಸುತ್ತೆ, ಕರಿ ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಬಲಗಡೆಯದನ್ನೂ ಆಗಲೇ ನೋಡಿ, ಎರಡರ ವ್ಯತ್ಯಾಸವೇ ಮುಖ್ಯ.

ಜಮಖಂಡಿ_ಡಬಲ್‌ಟ್ರೇಲರ್:
ಬಿಚ್ಚೇವಿ. ಒಳಗಿನ ಬೇರಿಂಗಿನ ರೋಲರ್ ನೀಲಿ ಆಗ್ಯಾವ. ಅದರ ಕಪ್ ಹಬ್ಬಿನಾಗ ಬೆರಳಿಲೆ ತಿರಗತೈತಿ. ಇದಕ್ಕ ಯಾವ ಗ್ರೀಸ್?

ಸ್ಪಿಂಡಲ್_ಶಿವಮೊಗ್ಗ:
ಇದಕ್ಕೆ ಗ್ರೀಸ್ ಇಲ್ಲ ರೀ. ನೀಲಿಯಾಗಿದೆ ಅಂದರೆ ಉಕ್ಕಿನ ಗಡಸುತನ ಹೋಗಿದೆ. ಕೋನ್ ಮಾತ್ರ ಬದಲಿಸಬೇಡಿ, ಕಪ್ಪೂ ಜೋಡಿಯಾಗಿ ಹೊಸದೇ ಬೇಕು. ಕಪ್ ತಿರುಗಿ ಹಬ್ಬಿನ ಕೂರುವ ಜಾಗ ಸವೆದಿದೆ, ಲೇಥ್‌ನಲ್ಲಿ ಬೋರ್ ಮಾಡಿಸಿ ಸ್ಲೀವ್ (ಒಳಗೆ ಕೂರಿಸುವ ಬಳೆ) ಹಾಕಿಸಬೇಕು, ಇಲ್ಲಾ ಹಬ್ಬೇ ಬದಲು.

ಇಂಡಿ_ವರ್ಕ್‌ಶಾಪ್:
ಸುತ್ತಲೂ ಡಾಟ್ ಪಂಚಿಲೆ ಉಬ್ಬು ಚುಕ್ಕಿ ಹೊಡದು ಕಪ್ ಕುಂದರಸ್ರಿ. ಸೀಜನ್ ಮುಗಿತನಕ ನಿಂದರ್ತೈತಿ.

ಸ್ಪಿಂಡಲ್_ಶಿವಮೊಗ್ಗ:
ಆಗ ಕಪ್ ಕೂರೋದು ಆ ಚುಕ್ಕೆಗಳ ತುದಿಯ ಮೇಲೆ ಮಾತ್ರ. ಕಬ್ಬಿನ ಲೋಡಿಗೆ ಅವು ಚಪ್ಪಟೆಯಾಗಿ ಮತ್ತೆ ಸಡಿಲ. ಕಪ್ ವಾಲಿ ಕೂತರೆ ಹೊಸ ಬೇರಿಂಗೂ ಹೋಗುತ್ತೆ.

ಗ್ರೀಸ್‌ಗನ್_ಮದ್ದೂರು:
ಸ್ಲೀವ್ ಹಾಕ್ಸಿದ್ಮೇಲಾದ್ರೂ ಕಾಂಪ್ಲೆಕ್ಸ್ ಹಾಕಿ.

ಜಮಖಂಡಿ_ಡಬಲ್‌ಟ್ರೇಲರ್:
ಹಾಕ್ತೀವಿ ಮಾರಾಯ್ರ. ಬಲಗಡಿದು ಬಿಚ್ಚೂದು ಬ್ಯಾಡಲ್ಲ? ಅದು ಕಾಯಂಗಿಲ್ಲ.

ಸ್ಪಿಂಡಲ್_ಶಿವಮೊಗ್ಗ:
ಅದಕ್ಕೂ ಅದೇ ಪೈಪ್ ಹಾಕಿ ಬಿಗಿದಿದ್ದರೆ ಇವತ್ತೇ ಬಿಚ್ಚಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಾದ ಹಬ್ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಹಾಗಿದ್ದರೆ ಆ ಸೀಲನ್ನೂ ಬದಲಿಸಿ.