ಬಿಸಿಲು ಬಿದ್ದ ಚಿರೆಕಲ್ಲು ಗೋಡೆ ಸಿಮ್ಯುಲೇಶನ್‌ನಲ್ಲಿ ತಣ್ಣಗಾಗ್ತಿದೆ! ಮೆಶ್ ಸಮಸ್ಯೆನಾ?

ಕುಮಟಾ_ಕಡಲು:
ಪಡುವಣ ಬಿಸಿಲಿನ ಕಾವು ಚಿರೆಕಲ್ಲು ಗೋಡೆ ದಾಟಿ ಒಳಗೆ ಬರಲು ಎಷ್ಟು ಹೊತ್ತು ಬೇಕು ಅಂತ ನೋಡುತ್ತಿದ್ದೇನೆ. ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಮಾಡೆಲ್, ಎಲ್ಮರ್ ಎಂಬ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಲೆಕ್ಕ. ಗೋಡೆ 200 ಮಿ.ಮೀ. ದಪ್ಪ. ಲೆಕ್ಕಕ್ಕಾಗಿ ಗೋಡೆಯನ್ನು ಚಿಕ್ಕ ತುಂಡುಗಳಾಗಿ ಒಡೆದದ್ದು (ಮೆಶ್) ಎರಡನೇ ಆರ್ಡರ್ ಟೆಟ್ರಾ, ಅಂದರೆ ನಾಲ್ಕು ಮುಖದ ತುಂಡು; ಒಂದೊಂದು ತುಂಡು (ಎಲಿಮೆಂಟ್) 20 ಮಿ.ಮೀ. ಎಸ್‌ಐ ಮಾನದಲ್ಲಿ ಉಷ್ಣವಾಹಕತೆ 1, ಸಾಂದ್ರತೆ 2000, ವಿಶಿಷ್ಟ ಶಾಖ 900. ಗೋಡೆ ಪೂರ್ತಿ 28 ಡಿಗ್ರಿ, ಹೊರಮೈ ಒಮ್ಮೆಲೇ 55. ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ) 1 ಸೆಕೆಂಡ್. ಒಳಗಿನ ಕೆಲವು ನೋಡ್ (ತಾಪ ಲೆಕ್ಕ ಹಾಕುವ ಬಿಂದು) 24ಕ್ಕೆ ಇಳಿಯುತ್ತಿವೆ. ಒಂದೇ ಆಳದಲ್ಲಿ ಒಂದೊಂದು ಕಡೆ ಒಂದೊಂದು ತಾಪ. ಸ್ಟೆಪ್ ಅರ್ಧ ಸೆಕೆಂಡ್ ಮಾಡಿದರೆ ಇನ್ನೂ ಹದಗೆಡುತ್ತದೆ.

ಶಿರಸಿ_ಘಟ್ಟ:
ಹೌದು, ಮೆಶ್ ಸಮಸ್ಯೆಯೇ; ಸ್ಟೆಪ್‌ಗೆ ಹೋಲಿಸಿದರೆ ಎಲಿಮೆಂಟ್ ತೀರಾ ದೊಡ್ಡದು. ಸ್ಟೆಪ್ ಚಿಕ್ಕದಾದಷ್ಟೂ ಹದಗೆಡುವುದೇ ಇದರ ಗುರುತು. ನಿಮ್ಮ ಸಂಖ್ಯೆಗಳಲ್ಲಿ ಮೊದಲ ಸೆಕೆಂಡಿಗೆ ಶಾಖ ಒಂದು ಮಿ.ಮೀ. ಕೂಡ ಒಳಗೆ ಹೋಗಿರುವುದಿಲ್ಲ. ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 6 ಮಿ.ಮೀ. ಅಷ್ಟು ಕಡಿದಾದ ಇಳಿಜಾರನ್ನು 20 ಮಿ.ಮೀ. ಎಲಿಮೆಂಟ್ ಹಿಡಿಯಲಾರದು. ಮೇಲೆ 55 ಮುಟ್ಟಿಸಲು ಹೋಗಿ ಒಳಗೆ 28ರ ಕೆಳಗೆ ಬಾಗುತ್ತದೆ.

ಅಂದಾಜು ಸೂತ್ರ ಹೀಗೆ: ಎಲಿಮೆಂಟ್ ಅಳತೆಯ ವರ್ಗ × ಸಾಂದ್ರತೆ × ವಿಶಿಷ್ಟ ಶಾಖ, ಭಾಗಿಸು 6 × ಉಷ್ಣವಾಹಕತೆ. ಸ್ಟೆಪ್ ಇದಕ್ಕಿಂತ ಚಿಕ್ಕದಾಗಬಾರದು. ನಿಮಗೆ 120 ಸೆಕೆಂಡ್ ಬರುತ್ತದೆ, ನೀವು ಹಾಕಿದ್ದು 1. ಎಲಿಮೆಂಟ್ 2 ಮಿ.ಮೀ. ಆದರೆ 1.2 ಸೆಕೆಂಡ್ ಸಾಕು.

ಗೋಡೆಯಂಥ ಚಪ್ಪಟೆ ವಸ್ತುವಿಗೆ ಟೆಟ್ರಾ ಯಾಕೆ? ಅದರ ನೋಡ್‌ಗಳು ಅಡ್ಡಾದಿಡ್ಡಿ ಕೂರುತ್ತವೆ. ಒಂದೇ ಆಳದ ತಾಪ ಚುಕ್ಕೆಚುಕ್ಕೆಯಾಗಿ ಕಾಣುವುದು ಅದಕ್ಕೇ. ಜಿಮೆಶ್ ಎಂಬ ಮೆಶ್ ತಂತ್ರಾಂಶದಲ್ಲಿ ಎಕ್ಸ್‌ಟ್ರೂಡ್ ಮಾಡಿ (ಗೋಡೆಯ ಮುಖವನ್ನು ದಪ್ಪದ ದಿಕ್ಕಿಗೆ ಎಳೆದು), ಲೇಯರ್ಸ್ ಅಂದರೆ ಪದರ ಕೊಟ್ಟು, ರಿಕಂಬೈನ್ (ತ್ರಿಕೋನ ಸೇರಿಸಿ ಚೌಕ ಮಾಡುವುದು) ಹಾಕಿ. ಬಿಸಿಲ ಕಡೆ 2 ಮಿ.ಮೀ. ಪದರ, ಒಳಗೆ ಹೋದಂತೆ ದಪ್ಪ. ಮೊದಲ ಆರ್ಡರ್ ಎಲಿಮೆಂಟ್ (ಮೂಲೆಗಳಲ್ಲಿ ಮಾತ್ರ ನೋಡ್ ಇರುವುದು) ಸಾಕು. ಎಲ್ಮರ್‌ನಲ್ಲಿ ಲಂಪ್ಡ್ ಮಾಸ್ ಮ್ಯಾಟ್ರಿಕ್ಸ್ (ಎಲಿಮೆಂಟ್‌ನ ಶಾಖ ಹಿಡಿಯುವ ಶಕ್ತಿಯನ್ನು ನೋಡ್‌ಗಳಿಗೇ ಹಂಚುವ ಆಯ್ಕೆ) ಆನ್ ಮಾಡಿ.

ಇನ್ನೊಂದು, ನಿಜವಾದ ಬಿಸಿಲು ಒಮ್ಮೆಲೇ 55 ಮಾಡುವುದಿಲ್ಲ ಅಲ್ವಾ? ಹೊರಮೈಗೆ ಹೀಟ್ ಫ್ಲಕ್ಸ್ (ಮೈ ಮೇಲೆ ಬೀಳುವ ಶಾಖದ ಹರಿವು) ಕೊಟ್ಟು, ಗಾಳಿಗೆ ಹೋಗುವ ಶಾಖವನ್ನೂ ಸೇರಿಸಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ನೆಂದ ಕಲ್ಲಿಗೆ ಮಾತ್ರ ಇದೇ ಸಂಖ್ಯೆ ಹಾಕಬೇಡಿ. ನೀರು ಕುಡಿದ ಕಲ್ಲಿನ ವಾಹಕತೆ, ವಿಶಿಷ್ಟ ಶಾಖ ಎರಡೂ ಜಾಸ್ತಿ.

ಕುಮಟಾ_ಕಡಲು:
24 ಮಾಯವಾಯಿತು ಅಣ್ಣಾ! ಈಗ ಕಲ್ಲಿನ ಮಧ್ಯೆ ಸಿಮೆಂಟ್ ಸಂದು ಸೇರಿಸಿದೆ. ಅಲ್ಲಿ ಮತ್ತೆ ಏರುಪೇರು.

ಶಿರಸಿ_ಘಟ್ಟ:
ಅದು ನಿಜವೇ ಇರಬಹುದು. ಎರಡಕ್ಕೂ ಸುಮ್ನೆ ಒಂದೇ ಗುಣ ಕೊಟ್ಟು ಓಡಿಸಿ. ಏರುಪೇರು ಹೋದರೆ ಅದು ವಸ್ತುವಿನದ್ದು, ಬಿಟ್ಟುಬಿಡಿ. ಸಂದಿನಲ್ಲಿ ತಾಪ ಆಗಲೂ ಜಿಗಿದರೆ ಎರಡು ಮೆಶ್‌ಗಳ ನೋಡ್ ಬೆಸೆದಿಲ್ಲ ಅಂತ ಅರ್ಥ. ಫ್ರೀಕ್ಯಾಡ್‌ನಲ್ಲಿ ಬೂಲಿಯನ್ ಫ್ರಾಗ್‌ಮೆಂಟ್ಸ್ (ತಾಗಿರುವ ಭಾಗಗಳಿಗೆ ಒಂದೇ ಗಡಿ ಮೈ ಮಾಡುವ ಆಯ್ಕೆ) ಮಾಡಿ, ಮತ್ತೆ ಮೆಶ್ ಹಾಕಿ.