ಕಡಲೆಕಾಯಿ ಪರಿಷೆಗೆ ಮುಂಚೆ ನಮ್ಮ ಅಡ್ಡರಸ್ತೆಯವರು ಮಾಡಬೇಕಾದ್ದು

ಸಂಪಿಗೆ ಮರದ ಮನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಬಸವನಗುಡಿಯಲ್ಲಿ ಕಡಲೆಕಾಯಿ ಜಾತ್ರೆ ನಡೆಯುವ ಕಡೇ ಕಾರ್ತಿಕ ಸೋಮವಾರ ಈ ಸಲ ಡಿಸೆಂಬರ್ 7ಕ್ಕೆ ಬರುತ್ತದೆ. ಅಂದರೆ ಇನ್ನು ಐದು ವಾರ. 2023ರಲ್ಲಿ ಡಿಸೆಂಬರ್ 11, 2024ರಲ್ಲಿ ನವೆಂಬರ್ 25, ಹೋದ ವರ್ಷ ನವೆಂಬರ್ 17. ಹೀಗೆ ತಾರೀಖು ಹಿಂದೆ ಮುಂದೆ ಆಗುವುದರಿಂದ ಪ್ರತಿ ಸಲವೂ ನಾವು ಕಡೇ ವಾರದಲ್ಲಿ ಎಚ್ಚರ ಆಗುತ್ತೇವೆ. ಪರಿಷೆ ಮುಗಿದ ಮೇಲೆ ನಮ್ಮ ಬೀದಿಯ ಈ ಗುಂಪಿನಲ್ಲಿ ಫೋಟೋ ಹಾಕಿ ಬೈದಾಡುತ್ತೇವೆ. ದೀಪಾವಳಿ ಕಳೆಯಲಿ ಅಂತ ಕೂತರೆ ಈ ಸಲವೂ ಅದೇ ಕಥೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಹೋದ ವರ್ಷದ್ದು ನೆನಪಿದೆ ಅಲ್ವಾ? ಬುಲ್ ಟೆಂಪಲ್ ರಸ್ತೆಯಲ್ಲಿ ಜಾಗ ಸಿಗದ ಗಾಡಿಗಳೆಲ್ಲ ನಮ್ಮ ಅಡ್ಡರಸ್ತೆಗೆ ನುಗ್ಗಿದವು. ಗೇಟಿಗೆ ಅಡ್ಡ ನಿಲ್ಲಿಸಿ ಹೋದವರು ರಾತ್ರಿ ಹನ್ನೊಂದಕ್ಕೆ ಬಂದರು. ಚರಂಡಿಯಲ್ಲಿ ಸಿಪ್ಪೆ, ಪ್ಲಾಸ್ಟಿಕ್ ಲೋಟ, ಜೋಳದ ದಿಂಡು. ಮಂಗಳವಾರ ಮಳೆ ಬಂತು, ಆ ನೀರೆಲ್ಲ ತಗ್ಗಿನ ನಾಲ್ಕು ಮನೆಗಳ ಅಂಗಳಕ್ಕೆ ಬಂತು. ಇದಕ್ಕಿಂತ ನನಗೆ ನೋವಾದ ವಿಷಯ ಬೇರೆ ಇದೆ. ಕಡಲೆಕಾಯಿ ಮಾರಲು ಬಂದ ಹೆಣ್ಣುಮಕ್ಕಳು ಮೂರು ರಾತ್ರಿ ನಮ್ಮ ಕಾಂಪೌಂಡ್ ಗೋಡೆಗೆ ಒರಗಿ ಮಲಗಿದ್ದರು. ಅವರಿಗೆ ಹೋಗಲು ಒಂದು ಶೌಚಾಲಯ ಹತ್ತಿರದಲ್ಲಿ ಇರಲಿಲ್ಲ.

ಏನು ಮಾಡೋಣ, ಹೇಳಿ.

ಮೂಲೆ ಮನೆ:
ಟೀಚರ್, ನನ್ನ ಮಾತು ಕೆಲವರಿಗೆ ಕಹಿ ಅನಿಸಬಹುದು. ಆದರೂ ಹೇಳುತ್ತೇನೆ. ಹೋದ ವರ್ಷ ಭಾನುವಾರ ರಾತ್ರಿ ನಮ್ಮ ಮನೆಯವಳಿಗೆ ಉಸಿರಾಟದ ತೊಂದರೆ ಆಯಿತು. ಆಂಬುಲೆನ್ಸ್ ರಸ್ತೆ ತುದಿವರೆಗೆ ಬಂತು, ಒಳಗೆ ಬರಲಾಗಲಿಲ್ಲ. ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಕಾರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ನಾನು, ನನ್ನ ಮಗ, ಇಬ್ಬರು ಕಡಲೆಕಾಯಿ ಮಾರುವವರು ಸೇರಿ ಜನರ ಮಧ್ಯೆ ಹೊತ್ತುಕೊಂಡು ಹೋದೆವು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ.

ನಾನು ಹುಟ್ಟಿದ್ದು ಇದೇ ಬೀದಿಯಲ್ಲಿ. ಪರಿಷೆ ಬೇಡ ಅನ್ನುವವನಲ್ಲ. ಆದರೆ ನಮ್ಮ ಅಡ್ಡರಸ್ತೆಯಲ್ಲಿ ಒಂದೂ ಅಂಗಡಿ ಬೇಡ ಅಂತ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಬೇಕು.

ಎರಡನೇ ಮಹಡಿ, ಬಾಡಿಗೆ ಮನೆ:
ಅಂಕಲ್, ಆಂಟಿ ಈಗ ಹೇಗಿದ್ದಾರೆ? ನನಗೆ ಇದು ಗೊತ್ತೇ ಇರಲಿಲ್ಲ. ಅದೇ ಬೀದಿಯಲ್ಲಿ ಇದ್ದೂ ಗೊತ್ತಾಗಲಿಲ್ಲ ಅಂತ ಬೇಜಾರಾಗುತ್ತಿದೆ.

ನಾನು ಹುಬ್ಬಳ್ಳಿಯಿಂದ ಬಂದು ಮೂರು ವರ್ಷ ಆಯಿತು. ಆಫೀಸು ಹತ್ತಿರ ಅಂತ ಈ ಮನೆ ಹಿಡಿದದ್ದು. ಮೊದಲ ಆರು ತಿಂಗಳು ನನಗೆ ಬಸವನಗುಡಿ ಅಂದರೆ ಬಸ್ ಸ್ಟಾಪು, ಅಷ್ಟೇ. ಆಮೇಲೆ ಒಂದು ಶನಿವಾರ ಸುಮ್ನೆ ನಡೆಯುತ್ತಾ ಹೋದೆ. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಸಾಲು ನಿಂತಾಗ ಪಕ್ಕದ ಹಿರಿಯರು ಹೇಳಿದರು, ಈ ಹೋಟೆಲು 1943ರದ್ದು, ಇಲ್ಲಿ ಕೂತು ಹರಟಿದ ಕವಿಗಳಿಗೆ ಲೆಕ್ಕ ಇಲ್ಲ ಅಂತ. ಮಾಸ್ತಿಯವರು ಗವಿಪುರದ ಮನೆಯಿಂದ ಕ್ಲಬ್ಬಿಗೆ ಹೋಗುತ್ತಿದ್ದದ್ದು, ಡಿವಿಜಿಯವರು ಕಟ್ಟಿದ ಗೋಖಲೆ ಸಂಸ್ಥೆ, ಎಲ್ಲವನ್ನೂ ಅವರೇ ಹೇಳಿದರು. ಸಂಜೆ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆಗೆ ಹೋದೆ. ಬಾಗಿಲಲ್ಲಿ ಟಿಕೆಟ್ ಕೇಳಲಿಲ್ಲ. ಒಳಗೆ ಯಾರೋ ವೀಣೆ ನುಡಿಸುತ್ತಿದ್ದರು. ಹಿಂದಿನ ಸಾಲಲ್ಲಿ ಒಬ್ಬ ಹುಡುಗ ನೋಟ್‌ಬುಕ್‌ನಲ್ಲಿ ಅವರ ಚಿತ್ರ ಬರೆಯುತ್ತಿದ್ದ. ಅವತ್ತಿನಿಂದ ನನಗೆ ಇದು ನನ್ನ ಊರು.

ಹೋದ ವರ್ಷ ಪರಿಷೆ ದಿನ ಬೆಳಿಗ್ಗೆ ಐದಕ್ಕೆ ಎದ್ದು ಹೋದೆ. ಜನ ಸೇರುವ ಮುಂಚೆ ನೋಡಬೇಕು ಅದನ್ನು. ದೊಡ್ಡ ಗಣಪತಿ ಗುಡಿಯಿಂದ ರಾಮಕೃಷ್ಣ ಮಠದ ಕಡೆಗೆ ರಸ್ತೆ ಎರಡೂ ಬದಿ ಕಡಲೆಕಾಯಿ ಗುಡ್ಡೆ. ಹಸಿ ಕಾಯಿಗೆ ಮಣ್ಣಿನ ವಾಸನೆ ಹಾಗೇ ಇತ್ತು. ಹುರಿಯುವ ಬಾಣಲೆಗಳಿಗೆ ಆಗ ತಾನೇ ಬೆಂಕಿ ಹಾಕುತ್ತಿದ್ದರು. ಶ್ರೀನಿವಾಸಪುರ ಕಡೆಯ ಒಬ್ಬ ಅಮ್ಮ ಸೇರಿನಲ್ಲಿ ಅಳೆದು ಕೊಟ್ಟು, ಮೇಲೆ ಒಂದು ಹಿಡಿ ಕೊಸರು ಹಾಕಿದರು. ನಾನು ದುಡ್ಡು ಕೊಡುವಾಗ ಮೆಲ್ಲಗೆ ಕೇಳಿದರು, "ಇಲ್ಲಿ ಎಲ್ಲಾದರೂ ಬಾತ್‌ರೂಮ್ ಇದೆಯಾ ಮಗಾ?" ನಮ್ಮ ಮನೆಗೆ ಕರೆದುಕೊಂಡು ಬಂದೆ. ಒಬ್ಬರು ಬಂದರು, ಆಮೇಲೆ ಹನ್ನೊಂದು ಜನ ಬಂದರು. ಮನೆ ಮಾಲೀಕರಿಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಅಂಗಡಿ ಎಲ್ಲಾ ತೆಗೆಸುವ ಅರ್ಜಿಗೆ ನನ್ನ ಕೈ ಬರುವುದಿಲ್ಲ ಅಂಕಲ್. ಆದರೆ ಆಂಬುಲೆನ್ಸ್‌ಗೆ ದಾರಿ ಬೇಕೇ ಬೇಕು. ಅದಕ್ಕೆ ನಾನು ಮೂರು ರಾತ್ರಿ ರಸ್ತೆ ತುದಿಯಲ್ಲಿ ನಿಲ್ಲಲು ಸಿದ್ಧ.

ಹಿಟ್ಟಿನ ಗಿರಣಿ ಪಕ್ಕದ ಮನೆ:
ಅಮ್ಮಾ, ಮಾಲೀಕರು ನಾನೇ. ಕೇಳುವುದೇ ಬೇಡ, ಕೆಳಗಿನ ಹೊರಗಡೆ ಬಾತ್‌ರೂಮ್ ಈ ಸಲ ಮೊದಲ ದಿನದಿಂದ ತೆರೆದಿರುತ್ತದೆ.

ರಾಯರೇ, ದಾರಿ ಕಟ್ಟಿದ್ದು ಕಡಲೆಕಾಯಿಯವರಲ್ಲ, ಕಾರುಗಳು. ನಿನ್ನೆ ಟೇಪ್ ಹಿಡಿದು ಅಳೆದೆ. ರಸ್ತೆ 24 ಅಡಿ. ಒಂದೇ ಬದಿಯಲ್ಲಿ 6 ಅಡಿ ಅಂಗಡಿಗೆ ಬಿಟ್ಟರೂ 18 ಅಡಿ ಉಳಿಯುತ್ತದೆ. ಕಾರು ನಿಲ್ಲಲು ಬಿಟ್ಟರೆ ಮಾತ್ರ ದಾರಿ ಇಲ್ಲ. ನಮ್ಮ ಕಾರುಗಳೂ ಸೇರಿ! ನಮ್ಮ ಬೀದಿಯಲ್ಲೇ ಹದಿನಾಲ್ಕು ಕಾರು ರಸ್ತೆ ಮೇಲೆ ನಿಲ್ಲುತ್ತವೆ. ಪರಿಷೆಯ ಐದು ದಿನ ಅವನ್ನು ಬೇರೆ ಕಡೆ ಇಡಬೇಕು. ಮೊದಲು ನಾವು ತೆಗೆದರೆ ಹೊರಗಿನವರಿಗೆ ಹೇಳಲು ಬಾಯಿ ಇರುತ್ತದೆ.

ಮೂಲೆ ಮನೆ:
ಮನೆಯವಳು ಈಗ ಚೆನ್ನಾಗಿದ್ದಾಳೆ. ಕೇಳಿದ್ದಕ್ಕೆ ಸಂತೋಷ.

ನಿಜ, ಕುರ್ಚಿ ಹೊತ್ತವರು ಮಾರುವವರೇ. ಅದನ್ನು ನಾನು ಮರೆತಿಲ್ಲ. ಆದರೆ 18 ಅಡಿ ಬಿಡುತ್ತೇವೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಮಧ್ಯಾಹ್ನ ಬಿಟ್ಟ ಜಾಗ ಸಂಜೆ ಇರುವುದಿಲ್ಲ. ಸುಣ್ಣದಲ್ಲಿ ಗೆರೆ ಎಳೆಯಬೇಕು. ಗೆರೆ ಕಾಯಲು ಜನ ಬೇಕು, ರಾತ್ರಿ ಹನ್ನೆರಡರವರೆಗೆ. ಅದು ಬರಹದಲ್ಲಿ ಇದ್ದರೆ ನಾನು ಅರ್ಜಿ ವಿಷಯ ಬಿಡುತ್ತೇನೆ.

ಸಂಪಿಗೆ ಮರದ ಮನೆ:
ಬರಹದಲ್ಲೇ ಇರುತ್ತದೆ ರಾಯರೇ, ನನ್ನ ಮಾತು.

ಒಂದು ವಿಷಯ ಹೇಳಬೇಕು ಅನಿಸುತ್ತಿದೆ. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದವಳು ನಾನು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗುತ್ತಿದ್ದನಂತೆ. ಫಸಲು ಹಾಳಾಗದಿರಲಿ ಅಂತ ಮೊದಲ ಬೆಳೆ ಅವನಿಗೇ ಕೊಡುತ್ತೇವೆ ಅಂತ ಹರಕೆ ಹೊತ್ತರಂತೆ. ಕಥೆ ಬಿಡಿ, ಹೊಲ ಇದ್ದದ್ದಂತೂ ನಿಜ. ಈ ಬಡಾವಣೆ ಮಾಡಿದ್ದು 1898ರ ಪ್ಲೇಗ್ ಕಾಲದಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಲಿ ಅಂತ. ಅದಕ್ಕೂ ಮುಂಚೆ ಇಲ್ಲಿ ಇದ್ದದ್ದು ಗುಡಿ, ಕಹಳೆ ಬಂಡೆ, ಹೊಲಗಳು. ನಮ್ಮ ಮನೆ ಪಾಯ ಬಿದ್ದಿರುವುದು ರೈತರ ನೆಲದ ಮೇಲೆ. ವರ್ಷಕ್ಕೆ ಐದು ದಿನ ಅವರು ಮೂಟೆ ಹೊತ್ತು ಬಂದರೆ, ಅವರು ನಮ್ಮ ಬೀದಿಗೆ ಬಂದ ನೆಂಟರು ಅಂತ ನನಗೆ ಅನಿಸುತ್ತದೆ. ನೆಂಟರಿಗೆ ನೀರು ಕೊಡದೆ ಇರುತ್ತೇವಾ?

ಮೇಲಿನ ಮನೆ ವಕೀಲರು:
ಟೀಚರ್ ಮಾತಿಗೆ ಒಂದು ಕಾನೂನಿನ ಬಲವೂ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ, 50 ವರ್ಷಕ್ಕಿಂತ ಹೆಚ್ಚು ಕಾಲ ವ್ಯಾಪಾರ ನಡೆದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು ಅಂತ ಇದೆ. ವರ್ಷಕ್ಕೊಮ್ಮೆ ಬರುವ ಪರಿಷೆಗೆ ಅದು ಹೊಂದುತ್ತದಾ ಅನ್ನುವುದು ವಾದದ ವಿಷಯ. ಆದರೆ ಪತ್ರದಲ್ಲಿ ಎತ್ತಬಹುದು. ಅಂಗಡಿ ತೆಗೆಸಿ ಅಂತ ಕೇಳುವುದಕ್ಕಿಂತ ಸೌಕರ್ಯ ಕೊಡಿ ಅಂತ ಕೇಳುವ ಪತ್ರಕ್ಕೆ ತೂಕ ಜಾಸ್ತಿ. ಸಂಚಾರಿ ಶೌಚಾಲಯ, ಕುಡಿಯುವ ನೀರಿನ ಟ್ಯಾಂಕರ್, ರಾತ್ರಿ ಎರಡು ಸಲ ಕಸ ಎತ್ತುವುದು, ರಸ್ತೆ ತುದಿಗೆ ಬ್ಯಾರಿಕೇಡ್. ಇಷ್ಟೇ ಕೇಳೋಣ. ಎರಡು ಪ್ರತಿ ಮಾಡಿ, ಒಂದಕ್ಕೆ ಪಾಲಿಕೆ ಕಚೇರಿಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹೋದ ವರ್ಷ ಫೋನಲ್ಲಿ ಹೇಳಿದ್ದು ಫೋನಲ್ಲೇ ಉಳಿಯಿತು.

ಟೆರೇಸ್ ತೋಟ:
ಸಿಪ್ಪೆ ನನಗೆ ಬಿಡಿ, ದಯವಿಟ್ಟು. ಅದು ಕಸ ಅಲ್ಲ. ಕಾಂಪೋಸ್ಟ್ ಮಾಡುವವರಿಗೆ ಗೊತ್ತು, ಅಡುಗೆಮನೆಯ ಹಸಿ ಕಸಕ್ಕೆ ಒಣಗಿದ್ದು ಏನಾದರೂ ಸೇರಿಸದಿದ್ದರೆ ಕೊಳೆತು ನಾರುತ್ತದೆ. ಕಡಲೆಕಾಯಿ ಸಿಪ್ಪೆ ಆ ಒಣ ಪದರಕ್ಕೆ ಬಹಳ ಚೆನ್ನ. ಗಾಳಿ ಆಡುತ್ತದೆ, ನೀರು ಹೀರುತ್ತದೆ. ನಿಧಾನವಾಗಿ ಕರಗುತ್ತದೆ, ಅದಕ್ಕೆ ಸ್ವಲ್ಪ ಪುಡಿ ಮಾಡಿಕೊಳ್ಳಬೇಕು. ಹಳೇ ಗೋಣಿಚೀಲ ಕಂಬಕ್ಕೊಂದು ಕಟ್ಟೋಣ, ಮೇಲೆ "ಸಿಪ್ಪೆ ಮಾತ್ರ" ಅಂತ ದೊಡ್ಡದಾಗಿ ಬರೆಯೋಣ. ತುಂಬಿದ್ದನ್ನು ನಾವು ಮೂರು ಮನೆಯವರು ಹಂಚಿಕೊಳ್ಳುತ್ತೇವೆ. ಪ್ಲಾಸ್ಟಿಕ್ ಬೆರೆತರೆ ಮಾತ್ರ ಯಾವುದಕ್ಕೂ ಬರುವುದಿಲ್ಲ. ಮನೆಯಲ್ಲಿರುವ ಬಟ್ಟೆ ಚೀಲ ಎಲ್ಲರೂ ಕೊಡಿ, ಚೀಲ ತರದೆ ಬಂದವರಿಗೆ ಅಂಗಡಿಯವರ ಕೈಯಿಂದಲೇ ಕೊಡಿಸೋಣ.

ತಗ್ಗಿನ ಮನೆ:
ಎಲ್ಲಾ ಸರಿ. ಚರಂಡಿ? ಮಳೆ ನೀರು ಬಂದದ್ದು ನಮ್ಮ ಮನೆಗೆ. ಸಿಪ್ಪೆ ಇಲ್ಲದಿದ್ದರೂ ಆ ಚರಂಡಿ ಕಟ್ಟಿಕೊಂಡೇ ಇದೆ. ನವೆಂಬರ್ ಮಳೆ ಬಿಡುವುದಿಲ್ಲ. ಪತ್ರದಲ್ಲಿ ಮೊದಲನೇ ಸಾಲು ಅದೇ ಇರಲಿ.

ಸಂಪಿಗೆ ಮರದ ಮನೆ:
ಖಂಡಿತ. ಮೊದಲನೇ ಸಾಲು ಚರಂಡಿ ಹೂಳು.

ಇವತ್ತು ರಾತ್ರಿ ಪತ್ರ ಬರೆದು ಇಲ್ಲಿ ಹಾಕುತ್ತೇನೆ, ವಕೀಲರು ತಿದ್ದಲಿ. ಗುರುವಾರ ಕಚೇರಿಗೂ ಠಾಣೆಗೂ ನಾನು, ರಾಯರು, ತಗ್ಗಿನ ಮನೆಯವರು ಹೋಗುತ್ತೇವೆ. ಗೆರೆ ಕಾಯಲು ಪಾಳಿಗೆ ಹೆಸರು ಕೊಡಿ, ಎರಡೆರಡು ಗಂಟೆ ಸಾಕು. ರಾತ್ರಿ ಪಾಳಿಗೆ ಇಬ್ಬರು ಸೇರಿಯೇ ಇರಬೇಕು. ಬಾತ್‌ರೂಮ್ ತೆರೆಯುವ ಮನೆ ಈಗ ಒಂದೇ ಇದೆ, ಇನ್ನೊಂದಾದರೂ ಬೇಕು. ಹದಿನಾಲ್ಕು ಕಾರು ಎಲ್ಲಿಡುವುದು ಅಂತ ಇನ್ನೂ ಗೊತ್ತಾಗಿಲ್ಲ. ಯಾರಿಗಾದರೂ ಶಾಲೆ ಮೈದಾನದವರ ಪರಿಚಯ ಇದ್ದರೆ ಹೇಳಿ.

ಮೂಲೆ ಮನೆ:
ನಮ್ಮ ಹಿತ್ತಲ ಬಾತ್‌ರೂಮಿಗೆ ಬೀದಿ ಕಡೆಯಿಂದಲೇ ಬಾಗಿಲಿದೆ. ಬಲ್ಬ್ ಹೋಗಿದೆ, ಹಾಕಿಸುತ್ತೇನೆ. ಬಿಸಿನೀರೂ ಇರುತ್ತದೆ ಅಂತ ಮನೆಯವಳು ಬರೆಯಲು ಹೇಳುತ್ತಿದ್ದಾಳೆ. ಭಾನುವಾರ ರಾತ್ರಿ ಪಾಳಿ ನನಗೆ.

ಎರಡನೇ ಮಹಡಿ, ಬಾಡಿಗೆ ಮನೆ:
ಭಾನುವಾರ ನಿಮ್ಮ ಜೊತೆ ನಾನು, ಅಂಕಲ್.